ಮಗು ಮಲಗುವ ಕೋಣೆಯಲ್ಲಿ ಸದ್ದು ಮಾಡದ ಗೇಮಿಂಗ್ ಕಂಪ್ಯೂಟರ್: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಮಗು ಮಲಗುವ ಕೋಣೆಯಲ್ಲೇ ರಾತ್ರಿ ಆಡಬೇಕು, 1080ಪಿ (1920×1080 ಚುಕ್ಕೆಗಳ ಚಿತ್ರ) ಸಾಕು, ಹಣ ಕಡಿಮೆ, ಸದ್ದು ತಗ್ಗಿಸಲು ವಾಟರ್ ಕೂಲರ್ (ದ್ರವ ಹರಿಸಿ ಪ್ರೊಸೆಸರನ್ನು ತಂಪಾಗಿಸುವ ಸಾಧನ) ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಅದರಲ್ಲೂ ಫ್ಯಾನುಗಳಿರುತ್ತವೆ, ಮೇಲೆ ಪಂಪಿನ ಗುಂಯ್ ಎನ್ನುವ ಸದ್ದು ಬೇರೆ.

ಸದ್ದಿನ ಮೂಲ ಶಾಖವಾದ್ದರಿಂದ, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಭಾಗಗಳನ್ನು ಆರಿಸುವುದೇ ಅಗ್ಗದ ಉಪಾಯ. 65 ವ್ಯಾಟ್‌ನ ರೈಜನ್ 5 5600 ಪ್ರೊಸೆಸರ್, ಸುಮಾರು 132 ವ್ಯಾಟ್ ಬಳಸುವ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ತಮಗೆ ಸಾಕು. ಆದರೆ ಕಾರ್ಡಿನಲ್ಲಿ ಎರಡು ಫ್ಯಾನುಗಳಿರಲಿ, ಏಕೆಂದರೆ ಒಂಟಿ ಫ್ಯಾನು ಅದೇ ಶಾಖವನ್ನು ಹೊರಹಾಕಲು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಬರುವ ಪುಟ್ಟ ಕೂಲರ್ ಬದಲು 120 ಮಿ.ಮೀ. ಫ್ಯಾನಿನ ಟವರ್ ಕೂಲರ್ (ಗೋಪುರದಂತೆ ಎತ್ತರವಾದ ಲೋಹದ ಪಟ್ಟಿಗಳಿಗೆ ಫ್ಯಾನು ಜೋಡಿಸಿದ್ದು) ಹಾಕಿಸಿ. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ. ಬಣ್ಣದ ದೀಪಗಳಿಗೆ ಕೊಡುವ ದುಡ್ಡನ್ನು ಒಳ್ಳೆಯ ಪವರ್ ಸಪ್ಲೈಗೆ (ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಅದರಲ್ಲೂ ಫ್ಯಾನಿರುತ್ತದೆ) ಹಾಕುವುದು ಲೇಸು. ತಿರುಗುತ್ತಾ ಸದ್ದು ಮಾಡುವ ಹಳೆಯ ಹಾರ್ಡ್ ಡಿಸ್ಕ್ ಬಿಟ್ಟು, ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಮಾತ್ರ ಬಳಸಿ.

ಇಷ್ಟಾದರೂ ಒಂದು ಕಿರಿಕಿರಿ ಉಳಿಯಬಹುದು. ನನ್ನ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದೊಡನೆ ಪ್ರೊಸೆಸರಿನ ಬಿಸಿ ಕ್ಷಣಕಾಲ ಏರಿ, ಫ್ಯಾನು ವೂಂ ಎಂದು ಎದ್ದು ಮತ್ತೆ ಇಳಿಯುತ್ತಿತ್ತು. ಒಂದೇ ಸಮನಾದ ಸದ್ದಿಗಿಂತ ಈ ಏರಿಳಿತವೇ ನಿದ್ದೆಗೆಡಿಸುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗುಗಳಲ್ಲಿ) ಫ್ಯಾನಿನ ವೇಗ ತಡವಾಗಿ, ನಿಧಾನವಾಗಿ ಏರುವಂತೆ ಹೊಂದಿಸಿದ ಮೇಲೆ ಅದು ನಿಂತಿತು. ಆಟದ ಫ್ರೇಮ್ ದರವನ್ನೂ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ಕ್ಕೆ ಮಿತಿಗೊಳಿಸಿ. ಕಾರ್ಡು ವೃಥಾ ಬಿಸಿಯಾಗುವುದಿಲ್ಲ.