ಗೇರ್‌ಬಾಕ್ಸ್ ಇಳಿಸುವ ಮೊದಲು ಒಮ್ಮೆ ಮೇಲೆ ನೋಡಿ

ಮೊದಲ ತಲೆಮಾರಿನ ಮಾಜ್ದಾ ಮಿಯಾಟಾ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಇರುತ್ತದೆ. 1989ರಲ್ಲಿ ಶಿಕಾಗೋ ಮೋಟಾರ್ ಶೋನಲ್ಲಿ ಕಾಣಿಸಿಕೊಂಡು, 1997ರವರೆಗೂ ಹಿರೋಶಿಮಾದಲ್ಲಿ ತಯಾರಾದ, ಹೆಡ್‌ಲೈಟ್ ಎದ್ದು ಕೂರುವ ಎರಡು ಸೀಟಿನ ಪುಟ್ಟ ಕಾರು ಅದು. ಇಲ್ಲಿ ಮಿಶಿಗನ್‌ನಲ್ಲಿ ನನ್ನ ಹತ್ತಿರ ಇರುವುದೂ ಅದೇ, 1.6 ಲೀಟರ್ ಎಂಜಿನ್‌ನದು. ಆಯಿಲ್ ಯಾವಾಗ ಬದಲಿಸಬೇಕು, ಟೈರಿಗೆ ಗಾಳಿ ಎಷ್ಟು ಅಂತೆಲ್ಲ ನಾನು ಬರೆಯುವುದಿಲ್ಲ. ಮೂವತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಮ್ಯಾನ್ಯುಯಲ್ ಓದಿಕೊಂಡಿರಬೇಕು.

ಪ್ರಶ್ನೆ: ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಲಾ? (ನ್ಯೂಜೆರ್ಸಿ)

ಬೇಡ. ಇನ್ನೂ ಬೇಡ. ಈ ತಿಂಗಳು ಇದನ್ನು ಕೇಳಿದವರಲ್ಲಿ ನೀವು ನಾಲ್ಕನೆಯವರು. ನಾಲ್ವರಿಗೂ ಮೆಕ್ಯಾನಿಕ್ ಹೇಳಿದ್ದು ಅದೇ ಮಾತು. ಕಾರನ್ನು ಲಿಫ್ಟ್ ಮೇಲೆ ಎತ್ತಿ, ಕೆಳಗಿನಿಂದ ನೋಡಿ, ತೊಟ್ಟು ಬೀಳುವ ಜಾಗಕ್ಕೆ ಬೆರಳಿಟ್ಟು 'ಇದೇ' ಅನ್ನುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಆಯಿಲ್ ಬೀಳುವ ಜಾಗ ಬೇರೆ, ಹೊರಡುವ ಜಾಗ ಬೇರೆ. ಮನೆಯ ಹೆಂಚು ಸೋರುವಾಗ ನೀರು ಬೀಳುವ ಕಡೆಯೇ ಹೆಂಚು ಒಡೆದಿರುತ್ತದಾ?

ಈ ಕಾರಿನಲ್ಲಿ ಎಂಜಿನ್‌ನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ಹಿಂದೆ, ಫೈರ್‌ವಾಲ್‌ಗೆ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆಗೆ) ಮುಖ ಮಾಡಿ, ವಾಲ್ವ್ ತೆರೆಯುವ ದಂಡವಾದ ಕ್ಯಾಮ್‌ನ ತುದಿಗೆ ಒಂದು ಸೆನ್ಸರ್ ಕೂತಿದೆ. ಕ್ಯಾಮ್ ಆಂಗಲ್ ಸೆನ್ಸರ್ ಅಂತಾರೆ. ಕಿಡಿ ಯಾವಾಗ ಹಾರಬೇಕು ಎಂದು ಕಂಪ್ಯೂಟರಿಗೆ ತಿಳಿಸುವುದು ಅದೇ. ಅದು ಹೆಡ್ ಒಳಗೆ ತೂರುವ ಕಡೆ ಒಂದು ರಬ್ಬರ್ ಓ-ರಿಂಗ್ ಇರುತ್ತದೆ, ಬೆಲೆ ಕೆಲವೇ ಡಾಲರ್. ಮೂವತ್ತು ವರ್ಷ ಎಂಜಿನ್ ಬಿಸಿಯಲ್ಲಿ ಬೆಂದ ಆ ರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಗ ಆಯಿಲ್ ಅಲ್ಲಿಂದ ಜಿನುಗಿ ಹೆಡ್‌ನ ಬೆನ್ನು ಹಿಡಿದು ಇಳಿಯುತ್ತದೆ, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಗಂಟೆಯ ಹಾಗಿರುವ ಕವಚ, ಅಂದರೆ ಬೆಲ್‌ಹೌಸಿಂಗ್ ಮೇಲೆ ಹರಡಿ, ಕೊನೆಗೆ ಅದರ ತಳದಿಂದ ತೊಟ್ಟಿಕ್ಕುತ್ತದೆ. ಹಿಂದಿನ ಸೀಲ್ ಸೋರಿದರೂ ತೊಟ್ಟು ಬೀಳುವುದು ಅಲ್ಲಿಂದಲೇ. ಕೆಳಗಿನಿಂದ ನೋಡುವವರಿಗೆ ಎರಡೂ ಒಂದೇ ಥರ.

ನನಗಿದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಒಂದು ಗ್ಯಾರೇಜಿನವರು ನನ್ನ ಕಾರಿನ ಗೇರ್‌ಬಾಕ್ಸ್ ಇಳಿಸಿ ಸೀಲ್ ಬದಲಿಸಿದರು. ಗೇರ್‌ಬಾಕ್ಸನ್ನೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲನ್ನೂ ಜೋಡಿಸುವ ಉದ್ದನೆಯ ಅಲ್ಯುಮಿನಿಯಂ ಚೌಕಟ್ಟನ್ನೂ ಬಿಚ್ಚಿ ಹಾಕಬೇಕಾಯಿತು. ಸಾವಿರ ಡಾಲರಿಗೂ ಜಾಸ್ತಿ ಬಿಲ್. ಮೂರು ವಾರ ಕಳೆಯುವುದರೊಳಗೆ ನನ್ನ ಮನೆಯ ಗ್ಯಾರೇಜಿನ ನೆಲದ ಮೇಲೆ, ಅದೇ ಜಾಗದಲ್ಲಿ, ಎಂಟಾಣೆ ಅಗಲದ ಅದೇ ಕಪ್ಪು ಕಲೆ. ಅವತ್ತು ರಾತ್ರಿ ಟಾರ್ಚ್ ಮತ್ತು ದಂತವೈದ್ಯರ ಕೈಯಲ್ಲಿರುವಂಥ ಪುಟ್ಟ ಕನ್ನಡಿ ಹಿಡಿದು ಹೆಡ್‌ನ ಹಿಂದೆ ನೋಡಿದೆ. ಸೆನ್ಸರ್ ಬುಡದಲ್ಲಿ ಆಯಿಲ್ ಹನಿಗಟ್ಟಿ ಹೊಳೆಯುತ್ತಿತ್ತು. ಅದರ ಕೆಳಗೆ ಹಾದುಹೋಗುವ ಹೀಟರ್ ಹೋಸ್ ನೆನೆದು ಊದಿಕೊಂಡಿತ್ತು. ಹಿಂಡಿದರೆ ಹಳಸಿದ ಇಡ್ಲಿಯ ಹಾಗೆ ಮೆತ್ತಗೆ.

ಆ ಹೋಸ್ ವಿಷಯ ಮರೆಯಬೇಡಿ. ಆಯಿಲ್ ತೊಟ್ಟಿಕ್ಕಿದರೆ ನೆಲ ಹಾಳು, ಅಷ್ಟೇ. ಹೆದ್ದಾರಿಯಲ್ಲಿ ಆ ಹೋಸ್ ಒಡೆದರೆ ಎಂಜಿನ್ ತಣಿಸುವ ಕೂಲಂಟ್ ಎಲ್ಲಾ ಹೋಗಿ ಹೆಡ್ ಬೆಂದುಹೋಗುತ್ತದೆ. ಎಂಜಿನ್ ಹಿಂದೆ ಕೈ ಹಾಕಿದಾಗ ಹೋಸ್ ಹಿಂಡಿ ನೋಡಿ. ಮೆತ್ತಗಿದ್ದರೆ ಅವತ್ತೇ ಬದಲಿಸಿ.

ಹಾಗಾದರೆ ಹುಡುಕುವುದು ಹೇಗೆ? ಮೊದಲು ಬೆರಳಿಗೆ ಹಚ್ಚಿಕೊಂಡು ನೋಡಿ. ಗಂಧಕದ ಘಾಟು ಇದ್ದರೆ ಅದು ಗೇರ್ ಆಯಿಲ್. ತಿಳಿಯಾಗಿದ್ದು ನೀರಿನಲ್ಲಿ ತೊಳೆದು ಹೋದರೆ ಕ್ಲಚ್‌ನ ಫ್ಲೂಯಿಡ್, ಅಂದರೆ ಬೆಲ್‌ಹೌಸಿಂಗ್ ಪಕ್ಕದಲ್ಲಿರುವ, ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರುತ್ತಿದೆ. ಎರಡೂ ಅಲ್ಲದಿದ್ದರೆ ಎಂಜಿನ್ ಆಯಿಲ್. ಆಗ ಎಂಜಿನ್‌ನ ಹಿಂಭಾಗವನ್ನೂ ಬೆಲ್‌ಹೌಸಿಂಗನ್ನೂ ಡಿಗ್ರೀಸರ್ ಹಾಕಿ ಬಟ್ಟೆಯಲ್ಲಿ ಒರೆಸಿ. ನೀರಿನ ಪೈಪ್ ಬಿಡಬೇಡಿ, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಇರುವುದೂ ಅಲ್ಲೇ. ಒಣಗಿದ ಮೇಲೆ ಬೆಲ್‌ಹೌಸಿಂಗ್ ತಲೆಯ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ. ನಿಂತಲ್ಲೇ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಟಾರ್ಚ್ ಬೆಳಕು ಹಾಯಿಸಿ ನೋಡಿ. ಪೌಡರ್ ಮೇಲೆ ಕಪ್ಪು ಗೆರೆ ಇಳಿದಿದ್ದರೆ ಸೋರಿಕೆ ಮೇಲಿನಿಂದ ಬರುತ್ತಿದೆ. ಕಾಣದಿದ್ದರೆ ನಾಲ್ಕು ದಿನ ಓಡಿಸಿ ಮತ್ತೆ ನೋಡಿ. ಪೌಡರ್ ಹಾಗೇ ಒಣಗಿದ್ದು, ತಳದ ಕಿಂಡಿಯಿಂದ ಮಾತ್ರ ತೊಟ್ಟು ಬೀಳುತ್ತಿದ್ದರೆ ಆಗ ಹಿಂದಿನ ಸೀಲ್ ಬಗ್ಗೆ ಮಾತಾಡೋಣ.

ಮೇಲಿನಿಂದ ಬರುತ್ತಿದ್ದರೂ ಅನುಮಾನಕ್ಕೆ ಮೂವರು. ವಾಲ್ವ್ ಕವರ್‌ನ ಗ್ಯಾಸ್ಕೆಟ್ ಹಿಂದಿನ ಮೂಲೆಯಲ್ಲಿ ಸೋರಬಹುದು. ಓ-ರಿಂಗ್ ಆಗಿರಬಹುದು. ಮೂರನೆಯದನ್ನು ಯಾರೂ ನೋಡುವುದೇ ಇಲ್ಲ. ವಾಲ್ವ್ ಕವರ್ ಮೇಲೆ ರಬ್ಬರ್ ಗ್ರಾಮೆಟ್‌ನಲ್ಲಿ ಕೂತ ಪಿಸಿವಿ ವಾಲ್ವ್ ಅದು. ಎಂಜಿನ್ ಒಳಗಿನ ಹಬೆ ಹೊರಹೋಗುವುದು ಅದರ ಮೂಲಕ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ರಬ್ಬರ್ ಬಲ ಕಳೆದುಕೊಂಡಿದೆಯೋ ಅಲ್ಲಿಂದ ಆಯಿಲ್ ನುಗ್ಗುತ್ತದೆ. ಕೈಯಲ್ಲೇ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ. ಕಟಕಟ ಅನ್ನಬೇಕು. ಸದ್ದೇ ಇಲ್ಲ ಅಂದರೆ ಹೊಸದು ಹಾಕಿ. ಇದನ್ನು ಬಿಟ್ಟು ಬರೀ ಸೀಲ್ ಬದಲಿಸಿದರೆ ಹೊಸ ಸೀಲೂ ಸೋರುತ್ತದೆ.

ಓ-ರಿಂಗ್ ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಸೆನ್ಸರ್ ಮತ್ತು ಹೆಡ್ ಎರಡರ ಮೇಲೂ ಹಾಯುವ ಹಾಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಸೆನ್ಸರನ್ನು ತಿರುಗಿಸಿದರೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಬದಲಾಗುತ್ತದೆ, ಆ ಗೆರೆಯೇ ನಿಮಗೆ ದಾರಿ. ವೈರಿನ ಕನೆಕ್ಟರ್ ಬಿಚ್ಚುವಾಗ ಅವಸರ ಬೇಡ, ಹಳೆಯ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. 12 ಎಂಎಂ ಬೋಲ್ಟ್ ಬಿಚ್ಚಿ, ಸೆನ್ಸರನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಾ ಎಳೆಯಿರಿ. ಹಳೆಯ ರಿಂಗನ್ನು ಮರದ ಕಡ್ಡಿಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ತಾಗಿಸಿದರೆ ಗೀರು ಬಿದ್ದು ಅದೇ ಹೊಸ ಸೋರಿಕೆಗೆ ದಾರಿ. ಹೊಸದು ವೈಟಾನ್ ರಬ್ಬರಿನದಾದರೆ ಒಳ್ಳೆಯದು, ಬಿಸಿ ಜಾಸ್ತಿ ತಡೆಯುತ್ತದೆ. ಅದಕ್ಕೆ ಆಯಿಲ್ ಸವರಿ ಕೂರಿಸಿ. ಕ್ಯಾಮ್‌ಗೆ ಸಿಕ್ಕಿಕೊಳ್ಳುವ ಸೆನ್ಸರ್‌ನ ನಾಲಿಗೆ ನಡುಮಧ್ಯಕ್ಕಿಲ್ಲ, ಹಾಗಾಗಿ ಒಂದೇ ರೀತಿಯಲ್ಲಿ ಕೂರುತ್ತದೆ. ಕೂರಲಿಲ್ಲ ಅಂತ ಬಡಿಯಬೇಡಿ, ತಿರುಗಿಸಿ ನೋಡಿ.

ಗೆರೆಗೆ ಗೆರೆ ಕೂಡಿಸಿದ ಮೇಲೂ ಕಿಡಿ ಹಾರುವ ಹೊತ್ತನ್ನು ಅಳೆಯುವ ಟೈಮಿಂಗ್ ಲೈಟ್ ಹಿಡಿಯಲೇಬೇಕು. ಎಂಜಿನ್ ಬಿಸಿಯಾದ ಮೇಲೆ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂದು ಬರೆದ ಎರಡು ತೂತುಗಳನ್ನು ತಂತಿಯಿಂದ ಜೋಡಿಸಿ, ಟೈಮಿಂಗನ್ನು 10 ಡಿಗ್ರಿಗೆ ಸರಿಮಾಡಿ. ಆ ತಂತಿ ಹಾಕದೆ ಲೈಟ್ ಹಿಡಿದರೆ ಕಂಪ್ಯೂಟರ್ ತನ್ನ ಲೆಕ್ಕ ಸೇರಿಸಿ ತಪ್ಪು ಅಂಕಿ ತೋರಿಸುತ್ತದೆ.

ಇನ್ನು 'ಬಾಟಲಿ ಸುರಿದರೆ ಸೋರಿಕೆ ನಿಲ್ಲುತ್ತೆ' ಅನ್ನುವವರ ಮಾತು. ಆ ದ್ರಾವಣ ಮಾಡುವುದು ರಬ್ಬರನ್ನು ಮೆತ್ತಗಾಗಿಸಿ ಊದಿಸುವ ಕೆಲಸ. ಕಲ್ಲಾಗಿ ಚಪ್ಪಟೆಯಾದ ರಿಂಗ್ ಅದರಿಂದ ಮತ್ತೆ ದುಂಡಗಾಗುವುದಿಲ್ಲ. ಚೆನ್ನಾಗಿದ್ದ ಉಳಿದ ಸೀಲುಗಳು ಮಾತ್ರ ಮೆತ್ತಗಾಗುತ್ತವೆ. ಅಂಥದ್ದನ್ನು ಮಾರುವವರು ನಿಮ್ಮ ಕಾರನ್ನು ಕಣ್ಣಿಂದಲೂ ನೋಡಿಲ್ಲ. ದಯವಿಟ್ಟು ಸುರಿಯಬೇಡಿ.

ಪ್ರಶ್ನೆ: ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಪಟ್ಟಿ) ತುಂಡಾದರೆ ಎಂಜಿನ್ ಪೂರ್ತಿ ಹೋಗುತ್ತದಂತೆ, ಹೌದಾ?

ಈ ಕಾರಿನಲ್ಲಿ ಇಲ್ಲ, ವಾಲ್ವಿಗೆ ಪಿಸ್ಟನ್ ತಾಗುವುದಿಲ್ಲ. ಆದರೆ ನಡುದಾರಿಯಲ್ಲಿ ನಿಲ್ಲುತ್ತೀರಿ, ಹಾಗಾಗಿ 60,000 ಮೈಲಿಗೊಮ್ಮೆ ಬದಲಿಸಿ.

ಪ್ರಶ್ನೆ: ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ. ಇಂಜೆಕ್ಟರ್ ಬದಲಿಸಲಾ?

ಪ್ಲಗ್ ವೈರ್ ಬದಲಿಸಿ. ಆಮೇಲೂ ಮುಗ್ಗರಿಸಿದರೆ ಬರೆಯಿರಿ.

ಪ್ರಶ್ನೆ: ಬೆಂಗಳೂರಿಗೆ ವಾಪಸ್ ಹೋಗುವಾಗ ಕಾರನ್ನೂ ಒಯ್ಯಬಹುದಾ?

ಆಗುವುದಿಲ್ಲ. ಸ್ಟೀರಿಂಗ್ ಎಡಕ್ಕಿದೆ, ವಯಸ್ಸು ಮೂರು ವರ್ಷ ದಾಟಿ ಎಷ್ಟೋ ಕಾಲವಾಗಿದೆ. ಭಾರತದ ಆಮದು ನಿಯಮಕ್ಕೆ ಎರಡೂ ಒಪ್ಪಿಗೆ ಇಲ್ಲ.

ಪ್ರಶ್ನೆ: 1990ರ ಕಾರು ನೋಡಿದ್ದೇನೆ. ಆ ವರ್ಷದ್ದಕ್ಕೆ ಕ್ರ್ಯಾಂಕ್ ಮೂಗು (ಪುಲ್ಲಿ ಕೂರುವ ಮುಂದಿನ ತುದಿ) ಗಿಡ್ಡ, ಕೊಳ್ಳಬೇಡ ಎಂದು ಹೆದರಿಸುತ್ತಿದ್ದಾರೆ.

ಹೆದರಬೇಡಿ, ಕಣ್ಣಿಂದ ನೋಡಿ. ಕ್ರ್ಯಾಂಕ್ ಪುಲ್ಲಿಯಲ್ಲಿ ನಾಲ್ಕು ಸೀಳು ಇದ್ದರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ. ಗಿಡ್ಡ ಇದ್ದರೆ ಎಂಜಿನ್ ಓಡಿಸಿ ಪುಲ್ಲಿಯನ್ನು ಪಕ್ಕದಿಂದ ನೋಡಿ. ಓಲಾಡಿದರೆ ಬಿಟ್ಟುಬಿಡಿ. ನೇರವಾಗಿ ತಿರುಗಿದರೆ ತೊಗೊಳ್ಳಿ. ಟೈಮಿಂಗ್ ಬೆಲ್ಟ್ ಬದಲಿಸುವ ದಿನ ಪುಲ್ಲಿಯನ್ನು ಹಿಡಿದಿಡುವ ಬೋಲ್ಟ್ ಹೊಸದಾಗಿರಲಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು.

ಪ್ರಶ್ನೆ: ಮಳೆ ಬಂದರೆ ಸೀಟಿನ ಹಿಂದೆ ಕಾರ್ಪೆಟ್ ಒದ್ದೆ. ಟಾಪ್ (ಮಡಚುವ ಚಾವಣಿ) ಹೊಸದು ಹಾಕಿಸಿದರೂ ನಿಂತಿಲ್ಲ.

ಟಾಪ್ ಬದಲಿಸಿ ಎಂದು ಹೇಳಿದವರು ನಿಮಗೆ ಅನ್ಯಾಯ ಮಾಡಿದ್ದಾರೆ. ಟಾಪ್ ಮೇಲೆ ಬಿದ್ದ ನೀರು ಹಿಂದೆ ಒಂದು ಕಾಲುವೆಗೆ ಇಳಿದು, ಎರಡೂ ಬದಿಯ ಕೊಳವೆಯಿಂದ ಹಿಂಚಕ್ರದ ಮುಂದೆ ಹೊರಬರಬೇಕು. ಎಲೆ, ಧೂಳು ಕೂಡಿ ಕೊಳವೆ ಕಟ್ಟಿಕೊಂಡರೆ ನೀರು ಉಕ್ಕಿ ಒಳಗೆ ಬರುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ಬಿಡಿಸಿ. ಗಟ್ಟಿ ತಂತಿ ಬೇಡ, ಕೊಳವೆ ಹರಿಯುತ್ತದೆ. ಆಮೇಲೆ ಒಂದು ಲೋಟ ನೀರು ಹುಯ್ಯಿರಿ. ಎರಡೂ ಕಡೆ ಧಾರಾಳವಾಗಿ ಕೆಳಗೆ ಬೀಳಬೇಕು. ಇದನ್ನು ವರ್ಷಕ್ಕೆ ಎರಡು ಸಲ ಮಾಡಿ. ಆ ನೀರು ಬಾಗಿಲ ಕೆಳಗಿನ ತಗಡಿನ ತೊಲೆ, ಅಂದರೆ ಸಿಲ್ ಒಳಗೆ ನಿಂತು ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣದಡಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ. ಆ ಕಾರು ಎಷ್ಟು ಚೆಂದ ಓಡಿದರೂ ಉಳಿಯುವುದಿಲ್ಲ, ಅದನ್ನು ನೋಡುವುದೇ ಸಂಕಟ.

ಪ್ರಶ್ನೆ: ಐದೇ ನಿಮಿಷದ ಕೆಲಸ ಇದ್ದಾಗ ಬರೀ ಜ್ಯಾಕ್ ಮೇಲೆ ನಿಲ್ಲಿಸಿ ಕೆಳಗೆ ಹೋಗಬಹುದಾ?

ಇಲ್ಲ. ಒಂದು ನಿಮಿಷಕ್ಕೂ ಇಲ್ಲ. ಕಾರು ಹಗುರ ಅನ್ನುತ್ತೀರಿ, ಎದೆಯ ಮೇಲೆ ಬಿದ್ದರೆ ಹಗುರವಲ್ಲ. ಮುಂದೆ ಎತ್ತುವುದಾದರೆ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ನಡುವೆ, ಹಿಂದೆಯಾದರೆ ಡಿಫರೆನ್ಷಿಯಲ್ ಕೆಳಗೆ ಜ್ಯಾಕ್ ಇಡಿ. ನೆಲದಲ್ಲೇ ಉಳಿದ ಚಕ್ರಗಳಿಗೆ ಅಡೆ ಕೊಡಿ. ಸಿಲ್‌ನ ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟು, ಕಾರನ್ನು ಕೈಯಲ್ಲಿ ಬಲವಾಗಿ ಅಲುಗಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಸಿಲ್ ತುಕ್ಕು ಹಿಡಿದಿದ್ದರೆ ಸ್ಟ್ಯಾಂಡ್ ಅದನ್ನು ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ಅಂಥ ಕಾರಿನ ಕೆಳಗೆ ಹೋಗಲೇಬೇಡಿ, ಮೊದಲು ತಗಡು ಕೆಲಸ ಮಾಡಿಸಿ. ಸ್ಟ್ಯಾಂಡ್ ಕೊಂಡಿದ್ದೀರಾ ಎಂದು ತಿಳಿಸಿ. ಅದೇ ಪತ್ರದಲ್ಲಿ ನೀವು ಕೇಳಿದ್ದ ಸೈಲೆನ್ಸರ್ ಸದ್ದಿಗೆ ಉತ್ತರ ಆಮೇಲೆ ಕೊಡುತ್ತೇನೆ.