ಚಳಿಗಾಲದಲ್ಲಿ ಬೆಳಗಿನ ಜಾವ ಓಡಲು ಯಾವ ಜಾಕೆಟ್ ಒಳ್ಳೆಯದು? ಥರ್ಮಲ್ ಬೇಕಾ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನ್ನ ಎಡತೊಡೆ ಒಂದು ಸಲ ಜುಮ್ ಎಂದಿತು. ಚಿಕ್ಕಬಳ್ಳಾಪುರ, ಕಾನ್‌ಸ್ಟೇಬಲ್ ಪರೀಕ್ಷೆಯ ತಯಾರಿ, ಹಳ್ಳಿಯಿಂದ ಬೆಳಗ್ಗೆ ಐದೂಕಾಲಿಗೆ ಬೈಕಿನಲ್ಲಿ ಬರುವುದು, ಕೈಯಲ್ಲಿ 3500 ರೂಪಾಯಿ, ಥರ್ಮಲ್ ಒಳಉಡುಪಿನ ಮೇಲೆ ವಿಂಡ್‌ಚೀಟರ್ ಹಾಕಲಾ ಅಥವಾ ದಪ್ಪ ಫ್ಲೀಸ್ ಜಾಕೆಟ್ ತೆಗೆದುಕೊಳ್ಳಲಾ ಎಂಬ ಗೊಂದಲ, ಶೀತ ಆಗುತ್ತದೆ ಅಂತ ಅಮ್ಮನ ಹೆದರಿಕೆ: ಇಷ್ಟು ನೀವು ಬರೆದದ್ದು. ಊರು, ಪರೀಕ್ಷೆ, ಬೈಕು ಎಲ್ಲ ನನ್ನದೇ ಕಥೆ. ದುಡ್ಡು ಮಾತ್ರ ಆಗ ನನ್ನ ಹತ್ತಿರ ಅಷ್ಟಿರಲಿಲ್ಲ. ಇದ್ದಿದ್ದರೆ ಇನ್ನೂ ದೊಡ್ಡ ತಪ್ಪು ಮಾಡುತ್ತಿದ್ದೆ.

ಎರಡೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಶಿಡ್ಲಘಟ್ಟ ಕಡೆಯ ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು. ಡಿಸೆಂಬರ್ ಬಂತೆಂದರೆ ಹಿಪ್ಪುನೇರಳೆ ತೋಟದ ಮೇಲೆ ಇಬ್ಬನಿ ಕೂತು, ಸೊಪ್ಪು ಕೊಯ್ಯುವ ಕೈ ಮರಗಟ್ಟುತ್ತದೆ. ಅವರೆಕಾಯಿಗೆ ಸೊಗಡು ಹತ್ತುವ ಚಳಿ ಅದು. ಆ ವಾತಾವರಣದಲ್ಲಿ ಬೆಳೆದವನಿಗೆ ಬೆಳಗ್ಗೆ ಹೊರಗೆ ಹೊರಡುವುದು ಅಂದರೆ ಮೊದಲು ಮೈ ಮುಚ್ಚುವುದು. ನಾನು ಮುಚ್ಚಿಕೊಂಡ ರೀತಿ ಕೇಳಿ: ಮೈಗೆ ಹತ್ತಿ ಬನಿಯನ್. ಅದರ ಮೇಲೆ ತುಂಬುತೋಳಿನ ಹತ್ತಿ ಟೀ ಶರ್ಟು. ಅದರ ಮೇಲೆ ನಮ್ಮ ಮಾವನ ಉಣ್ಣೆ ಸ್ವೆಟರು. ಎಲ್ಲದರ ಮೇಲೆ ಬಿ.ಬಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ನೈಲಾನ್ ವಿಂಡ್‌ಚೀಟರು. ತಲೆಗೆ ಮಂಕಿ ಕ್ಯಾಪು. ಅದರ ಮೇಲೂ ಅಮ್ಮ ಮಫ್ಲರ್ ಸುತ್ತಿ ಕಳಿಸುತ್ತಿದ್ದಳು. ಓಡುವವನ ಹಾಗಲ್ಲ, ತೋಟ ಕಾಯಲು ಹೊರಟವನ ಹಾಗೆ ಕಾಣುತ್ತಿದ್ದೆ.

ಮೊದಮೊದಲು ಇದು ಸರಿಯೇ ಅನ್ನಿಸುತ್ತಿತ್ತು. ಹತ್ತು ನಿಮಿಷಕ್ಕೆ ಬೆವರು ಕಿತ್ತುಕೊಂಡು ಬರುತ್ತಿತ್ತು. ವಿಂಡ್‌ಚೀಟರ್ ಒಳಗೆ ಕೈ ಹಾಕಿದರೆ ನೀರು. ಜಾಸ್ತಿ ಬೆವರಿದರೆ ಜಾಸ್ತಿ ಕೊಬ್ಬು ಕರಗುತ್ತದೆ ಅಂತ ಯಾರೋ ತಲೆಗೆ ತುಂಬಿದ್ದರು. ಹಾಗಾಗಿ ಖುಷಿಯೇ. ಅದು ಕೊಬ್ಬಲ್ಲ, ಬರೀ ನೀರು. ಮನೆಗೆ ಹೋಗಿ ಎರಡು ಚೊಂಬು ಕುಡಿದರೆ ತೂಕ ಅಲ್ಲಿಗೇ ಬರುತ್ತದೆ.

ದೈಹಿಕ ಪರೀಕ್ಷೆಯ ಓಟ ಪುರುಷರಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡು. ಇದು ನಿಮಗೂ ಬಾಯಿಪಾಠ ಆಗಿರುತ್ತದೆ. ನಾನು ನವೆಂಬರ್‌ನಲ್ಲಿ 6.50ರಲ್ಲಿ ಇದ್ದೆ. ಜನವರಿ ಹೊತ್ತಿಗೆ 6.22ಕ್ಕೆ ಇಳಿಸಿದ್ದೆ. ದೈಹಿಕ ಪರೀಕ್ಷೆಗೆ ಇನ್ನು ಹನ್ನೊಂದು ದಿನ. ಕೊನೆಯದಾಗಿ ಒಂದು ಸಲ ಟೈಮ್ ಹಿಡಿದು ನೋಡೋಣ ಅಂತ ಗೆಳೆಯನಿಗೆ ಹೇಳಿದ್ದೆ. ಕೆರೆ ಏರಿ ಪಕ್ಕದ ರಸ್ತೆಯಲ್ಲಿ ಬೈಕ್ ಮೀಟರಿನಲ್ಲಿ ಅಳೆದು, ಎರಡು ಕಡೆ ಸುಣ್ಣದ ಗೆರೆ ಎಳೆದಿದ್ದೆವು. ಸುಣ್ಣ ಹುಳು ಮನೆಯದ್ದೇ.

ಅವತ್ತು ನಾನು ಐದೂವರೆಗೆ ಬಂದು, ಮಾಮೂಲಿ ವೇಷದಲ್ಲೇ ಮೂರ್ನಾಲ್ಕು ಕಿಲೋಮೀಟರ್ ನಿಧಾನಕ್ಕೆ ಓಡಿ ಮೈ ಬಿಸಿ ಮಾಡಿಕೊಂಡೆ. ಬನಿಯನ್ ಹಿಂಡಿದರೆ ನೀರು ಸುರಿಯುವಷ್ಟು ತೊಪ್ಪೆ. ಗೆಳೆಯ ಇನ್ನೂ ಬಂದಿರಲಿಲ್ಲ. ಫೋನ್ ಮಾಡಿದರೆ, "ಬಂದೆ ಮಗಾ, ಹಾಲು ಹಾಕ್ಬಿಟ್ಟು ಬಂದೆ" ಅಂದ. ಡೇರಿಗೆ ಹಾಲು ಹಾಕುವವನು ಬಂದೆ ಅಂದರೆ ಎಷ್ಟು ಹೊತ್ತು ಅಂತ ನಮಗೆ ಗೊತ್ತಿಲ್ವಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ. ಎಂಟು ವರ್ಷದಿಂದ ಈ ಕಥೆ ಕೇಳಿದವರೆಲ್ಲ "ಚಳಿಗೆ ಸರಿಯಾಗಿ ಬಟ್ಟೆ ಹಾಕ್ಕೊಂಡಿಲ್ಲ ಅನ್ಸುತ್ತೆ" ಅಂತಲೇ ಹೇಳುತ್ತಾರೆ. ಅದೇ ಅಲ್ಲ ಆಗಿದ್ದು. ಜಾಸ್ತಿ ಹಾಕಿಕೊಂಡಿದ್ದೆ.

ಹಗುರವಾಗಿ ಓಡಬೇಕಲ್ಲ ಅಂತ ವಿಂಡ್‌ಚೀಟರ್ ಬಿಚ್ಚಿದೆ. ಸ್ವೆಟರ್ ಬಿಚ್ಚಿದೆ. ಒದ್ದೆ ಬನಿಯನ್, ಒದ್ದೆ ಟೀ ಶರ್ಟಿನಲ್ಲಿ ಏರಿ ಮೇಲೆ ನಿಂತೆ. ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ನೋಡಿ, ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಹೇಗೆ? ಹೊರಮೈ ಒದ್ದೆ ಇರುತ್ತದೆ, ಆ ತೇವ ಆರುತ್ತಾ ಆರುತ್ತಾ ಒಳಗಿನ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಒದ್ದೆ ಬನಿಯನ್ ಹಾಕಿಕೊಂಡು ಗಾಳಿಗೆ ನಿಂತವನೂ ಒಂದು ಮಡಕೆಯೇ. ಅದೂ ಸಾಲದು ಅಂತ, ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿಯನ್ನು ಸಾಗಿಸುತ್ತದೆ. ಹತ್ತಿಬಟ್ಟೆ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ, ಮೈಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಅದರ ಒಳ್ಳೆ ಗುಣ. ಚಳಿಯಲ್ಲಿ ಅದೇ ಶತ್ರು. ಇನ್ನೊಂದು ತಮಾಷೆ: ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ನಾನು ಬಿಚ್ಚಿದ್ದು ಅದನ್ನೇ! ಉಳಿಸಿಕೊಂಡಿದ್ದು ಹತ್ತಿಯನ್ನು. ಮಾವನ ಸ್ವೆಟರ್ ಒಂದನ್ನೇ ಬರಿಮೈ ಮೇಲೆ ಹಾಕಿಕೊಂಡು ನಿಂತಿದ್ದರೂ ಇವತ್ತು ನಾನು ಖಾಕಿಯಲ್ಲಿ ಇರುತ್ತಿದ್ದೆನೋ ಏನೋ.

ಇಪ್ಪತ್ತೈದು ನಿಮಿಷ ಹಾಗೇ ನಿಂತೆ. ಹಲ್ಲು ಕಟಕಟ. ತೊಡೆ ಮುಟ್ಟಿದರೆ ಕಲ್ಲು. ಗೆಳೆಯ ಬಂದ. "ಇನ್ನೊಂದು ರೌಂಡ್ ಓಡಿ ಮೈ ಬಿಸಿ ಮಾಡ್ಕೋ" ಅಂದ ಪುಣ್ಯಾತ್ಮ. ನಾನು ಸುಸ್ತಾಗುತ್ತದೆ ಅಂತ ಕೇಳಲಿಲ್ಲ. ನೇರ ಗೆರೆಗೆ ಹೋಗಿ ನಿಂತು ಜೀವ ಬಿಟ್ಟು ಓಡಿದೆ. ಸುಮಾರು ನಾಲ್ಕುನೂರು ಮೀಟರ್ ಆಗಿರಬೇಕು. ಎಡತೊಡೆಯ ಹಿಂದೆ ಯಾರೋ ಕಲ್ಲು ಬೀಸಿದ ಹಾಗಾಯಿತು. ತಿರುಗಿ ಬೇರೆ ನೋಡಿದೆ, ಯಾರಪ್ಪಾ ಹೊಡೆದಿದ್ದು ಅಂತ. ಯಾರೂ ಇಲ್ಲ. ಮುಂದಿನ ಹೆಜ್ಜೆಗೆ ನೆಲಕ್ಕೆ ಕೂತೆ.

ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆ ಹಿಂದಿನ ಸ್ನಾಯು, ಹರಿದಿದೆ, ಆರು ವಾರ ಓಡುವ ಹಾಗಿಲ್ಲ ಅಂದರು ಡಾಕ್ಟರು. ಹನ್ನೊಂದನೇ ದಿನ ಗ್ರೌಂಡಿಗೆ ಹೋದೆ, ಸುಮ್ನೆ ಇರಲಾಗದೆ. ಕುಂಟಿಕೊಂಡು ಒಂದು ಸುತ್ತು ಬಂದು ನಿಂತೆ. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ನನ್ನ ವಯಸ್ಸು ದಾಟಿತ್ತು.

ಮನೆಗೆ ಬಂದು ಹುಳು ಮನೆ ಮುಂದೆ ಕೂತು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಓದಿದವಳಲ್ಲ. ಕೇಳಿಸಿಕೊಂಡು, "ಅಲ್ಲ ಕಣೋ, ಚಳಿ ಅಂತ ಹುಳು ಮನೆ ಕಿಟಕಿ ಪೂರ್ತಿ ಮುಚ್ತೀವಾ? ಅಗ್ಗಿಷ್ಟಿಕೆ ಇಟ್ರೂ ಗಾಳಿಗೆ ಒಂದು ದಾರಿ ಬಿಡಲ್ವಾ? ಥಂಡಿ ಜೊತೆ ಒಳಗೆ ತೇವ ಕೂತ್ರೆ ಸುಣ್ಣಕಟ್ಟು ರೋಗ ಬರುತ್ತೆ ಅಂತ ನಿಂಗೆ ಗೊತ್ತಿಲ್ವಾ?" ಅಂದಳು. ಮಫ್ಲರ್ ಸುತ್ತಿದ್ದು ಅವಳೇ ಅಂತ ನಾನು ನೆನಪಿಸಲಿಲ್ಲ. ಆದರೆ ಹೇಳಿದ್ದು ನಿಜ. ಬರೀ ಚಳಿಗಿಂತ ಚಳಿಯ ಜೊತೆ ಸೇರಿದ ತೇವ ಹುಳಕ್ಕೆ ಅಪಾಯ. ಅದಕ್ಕೇ ತಟ್ಟೆ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ಹೀರಿಸುತ್ತೇವೆ. ಚಿಕ್ಕಂದಿನಿಂದ ಆ ಕೆಲಸ ಮಾಡಿಕೊಂಡು ಬಂದ ನಾನು, ನನ್ನ ಮೈಗೆ ನೈಲಾನ್ ಹೊದಿಸಿ ಎಲ್ಲ ಕಿಟಕಿ ಮುಚ್ಚಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಓಡಲು ಯಾವ ಜಾಕೆಟ್ ಅಂತ ಕೇಳಿದ್ದೀರಿ. ಓಡಲು ಜಾಕೆಟ್ಟೇ ಬೇಡ. ನಮ್ಮ ಚಳಿಯನ್ನು ನಾವು ಸ್ವಲ್ಪ ಜಾಸ್ತಿಯೇ ಹೊಗಳುತ್ತೇವೆ. ಪಕ್ಕದ ಬೆಂಗಳೂರಿನಲ್ಲಿ ಇಲ್ಲಿಯವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಪೇಟೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಹದಿಮೂರೋ ಹದಿನೈದೋ ಇರುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಕೀನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಓಡಿದಾಗ ಅಲ್ಲಿ ಹತ್ತು ಡಿಗ್ರಿ ಆಸುಪಾಸು. ಆತ ಹಾಕಿದ್ದು ಚಡ್ಡಿ. ನಾವು ನಡುಗುತ್ತಾ ಬೈಯುವ ಚಳಿ ಓಡುವವರಿಗೆ ಹಬ್ಬ.

ಓಡುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಓಟಕ್ಕೆ ಹೋಗುತ್ತದೆ, ಮಿಕ್ಕಿದ್ದು ಬಿಸಿಯಾಗಿ ಹೊರಗೆ ಬರುತ್ತದೆ. ನೀವೇ ಒಂದು ಒಲೆ. ಓಡುವವರ ಲೆಕ್ಕ ಹೀಗಿದೆ: ಹೊರಗಿನ ಉಷ್ಣಾಂಶಕ್ಕೆ ಹತ್ತು ಡಿಗ್ರಿ ಸೇರಿಸಿ, ಅದಕ್ಕೆ ತಕ್ಕ ಬಟ್ಟೆ ಹಾಕಿ. ಹದಿನಾಲ್ಕು ಇದ್ದರೆ ಇಪ್ಪತ್ತನಾಲ್ಕು ಅಂದುಕೊಳ್ಳಿ. ಇಪ್ಪತ್ತನಾಲ್ಕು ಡಿಗ್ರಿಗೆ ಯಾರಾದರೂ ಫ್ಲೀಸ್ ಹಾಕುತ್ತಾರಾ? ಹೊರಟ ಮೊದಲ ಐದಾರು ನಿಮಿಷ ನಡುಕ ಬರಬೇಕು. ಗೆರೆಯಲ್ಲಿ ನಿಂತಾಗಲೇ ಬೆಚ್ಚಗಿದೆ ಅಂದರೆ ಜಾಸ್ತಿ ಹಾಕಿದ್ದೀರಿ ಅಂತ ಅರ್ಥ.

ಮೈಗೆ ಬೇಕಾದದ್ದು ತೆಳುವಾದ ಒಂದು ಪಾಲಿಯೆಸ್ಟರ್ ಟೀ ಶರ್ಟು. ಅಂಗಡಿಯಲ್ಲಿ ಡ್ರೈ-ಫಿಟ್ ಅನ್ನುತ್ತಾರೆ. ಕೊಳ್ಳಲೂ ಬೇಡ, ಊರಿನ ಕ್ರಿಕೆಟ್ ಟೂರ್ನಮೆಂಟಿಗೆ ಬೆನ್ನ ಮೇಲೆ ಹೆಸರು ಹಾಕಿಸಿ ಮಾಡಿಸಿದ ಜರ್ಸಿ ಇದ್ದೇ ಇರುತ್ತದಲ್ಲ, ಅದೇ ಸಾಕು. ಒಳಗೆ ಹತ್ತಿ ಬನಿಯನ್ ಹಾಕಬೇಡಿ. ಇದನ್ನು ಎರಡು ಸಲ ಓದಿ. ಮೇಲೆ ಎಷ್ಟು ಒಳ್ಳೆ ಜರ್ಸಿ ಇದ್ದರೂ ಒಳಗೆ ಹತ್ತಿ ಇದ್ದರೆ ನೀವು ಮತ್ತೆ ಮಡಕೆ. ಕೆಳಗೆ ಚಡ್ಡಿ. ತೋಳಿಗೆ ಚಳಿ ಅನ್ನಿಸಿದರೆ ಬಿಸಿಲಿಗೆ ಅಂತ ಬೈಕಿನವರು ಹಾಕುವ ತೋಳುಚೀಲ ಹಾಕಿ. ಬಿಸಿಯಾದ ಮೇಲೆ ಮಣಿಕಟ್ಟಿಗೆ ಇಳಿಸಬಹುದು. ಕಿವಿಗೆ ಒಂದು ಕರ್ಚೀಫು ಸುತ್ತಿ. ಮಂಕಿ ಕ್ಯಾಪು ಬೇಡ. ಉಬ್ಬಸ ಇದ್ದವರು ಬಾಯಿಗೆ ತೆಳು ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು, ಅಷ್ಟೇ.

ಶೀತ ಆಗುತ್ತದೆ ಅಂತ ಅಮ್ಮ ಹೆದರಿಸುತ್ತಾರೆ ಅಂದಿದ್ದೀರಿ. ನೆಗಡಿ ತರುವುದು ವೈರಸ್. ಅಮ್ಮನ ಜೊತೆ ವಾದ ಮಾತ್ರ ಬೇಡ, ಗೆಲ್ಲಲ್ಲ.

ಇನ್ನು ಜಾಕೆಟ್. ಅದು ಬೇಕು, ಆದರೆ ಬೈಕಿಗೆ. ಹದಿನಾಲ್ಕು ಡಿಗ್ರಿಯಲ್ಲಿ ನಲವತ್ತರ ವೇಗದಲ್ಲಿ ಬೈಕ್ ಮೇಲೆ ಬರುವಾಗ ಎದೆಗೆ ಹೊಡೆಯುವ ಗಾಳಿ ಸುಳ್ಳಲ್ಲ. ಮನೆಯಲ್ಲಿ ಯಾವ ಹಳೇ ಜಾಕೆಟ್ ಇದೆಯೋ ಅದನ್ನೇ ಹಾಕಿಕೊಂಡು ಬನ್ನಿ. ಬಂದ ತಕ್ಷಣ ಬಿಚ್ಚಿ, ಮೈಯಲ್ಲಿ ಬೆವರು ಕಾಣುವ ಮೊದಲೇ. ಒಂದು ಕವರಿನಲ್ಲಿ ಟವೆಲ್ಲು, ಒಣಗಿದ ಟೀ ಶರ್ಟು ಇಟ್ಟುಕೊಂಡಿರಿ. ಈ ಒಣ ಟೀ ಶರ್ಟು ಹತ್ತಿಯದ್ದೇ ಆಗಿರಲಿ, ತೊಂದರೆ ಇಲ್ಲ. ಓಟ ನಿಲ್ಲಿಸಿದ ಎರಡು ನಿಮಿಷದೊಳಗೆ ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಅದನ್ನು ಹಾಕಿ, ಮೇಲೆ ಜಾಕೆಟ್. ಆಮೇಲೆ ಟೀ. ಟೀ ಮೊದಲು ಕುಡಿದು ಆಮೇಲೆ ಬಟ್ಟೆ ಅನ್ನುವವರನ್ನು ದಿನಾ ನೋಡುತ್ತೇನೆ, ಲೋಟ ಹಿಡಿದ ಕೈ ನಡುಗುತ್ತಿರುತ್ತದೆ. ಮಧ್ಯದಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾಗಿ ಬಂದರೂ ಇದೇ ಕೆಲಸ. ಮತ್ತೆ ಜೋರಾಗಿ ಓಡುವ ಮೊದಲು ಇನ್ನೊಂದು ಸಲ ನಿಧಾನಕ್ಕೆ ಓಡಿ ಮೈ ಬಿಸಿ ಮಾಡಿಕೊಳ್ಳಿ. ಸುಸ್ತಾಗಲ್ಲ. ನಂಬಿ.

ನಂದಿ ಬೆಟ್ಟದ ರಸ್ತೆ ಹತ್ತಿ ಅಭ್ಯಾಸ ಮಾಡುವ ಆಸೆ ಇದ್ದರೆ ಲೆಕ್ಕ ಸ್ವಲ್ಪ ಬೇರೆ. ಬೆಟ್ಟ 1478 ಮೀಟರ್, ಪೇಟೆಗಿಂತ ಐದುನೂರು ಮೀಟರಿಗೂ ಮೇಲೆ. ಮೂರು ಡಿಗ್ರಿ ಕಡಿಮೆ ಸಿಗುತ್ತದೆ, ಗಾಳಿ ಧಾರಾಳ. ಹತ್ತುವಾಗ ಬೆಂದು ಹೋಗುತ್ತೀರಿ, ಇಳಿಯುವಾಗ ಹೆಪ್ಪುಗಟ್ಟುತ್ತೀರಿ. ಅಲ್ಲಿಗೆ ಮಾತ್ರ ತೆಳು ವಿಂಡ್‌ಚೀಟರ್ ಸೊಂಟಕ್ಕೆ ಕಟ್ಟಿಕೊಂಡು ಹೋಗಿ, ಇಳಿಯುವಾಗ ಹಾಕಿ. ಆದರೆ 1600 ಮೀಟರಿನ ಪರೀಕ್ಷೆಗೆ ಬೆಟ್ಟ ಯಾಕೆ ಬೇಕು, ನನಗಂತೂ ಗೊತ್ತಾಗುವುದಿಲ್ಲ.

ಆ 3500 ರೂಪಾಯಿಯಲ್ಲಿ ಒಳ್ಳೆ ಶೂ ತೆಗೆದುಕೊಳ್ಳಿ. ನೂರೋ ಇನ್ನೂರೋ ಉಳಿದರೆ ಬೆಳಕಿಗೆ ಹೊಳೆಯುವ ಪಟ್ಟಿ ಕೊಂಡು ಬೆನ್ನಿಗೆ, ತೋಳಿಗೆ ಕಟ್ಟಿ. ಇದು ಥರ್ಮಲ್‌ಗಿಂತ ಸಾವಿರ ಪಾಲು ಮುಖ್ಯ. ಮಂಜು ಕವಿದ ಬೆಳಗ್ಗೆ ಕಪ್ಪು ಬಟ್ಟೆ ಹಾಕಿಕೊಂಡು ಓಡುವ ಹುಡುಗ ಟೊಮ್ಯಾಟೊ ಗಾಡಿಯವನಿಗೆ ಕಾಣುವುದಿಲ್ಲ. ಹೈವೇ ಸರ್ವೀಸ್ ರೋಡಿನಲ್ಲಿ ಓಡುವವರು ಕೆಲವರಿದ್ದಾರೆ. ದಯವಿಟ್ಟು ಆ ಗುಂಪಿಗೆ ಸೇರಬೇಡಿ.

ಮಾವನ ಸ್ವೆಟರ್ ಇನ್ನೂ ಇದೆ. ಅಮ್ಮ ಬೆಳಗ್ಗೆ ಸೊಪ್ಪು ಕೊಯ್ಯಲು ಹಾಕಿಕೊಂಡು ಹೋಗುತ್ತಾಳೆ. ನಾನು ಈಗಲೂ ಭಾನುವಾರ ಕೆರೆ ಕಡೆ ಓಡುತ್ತೇನೆ, ನಿಧಾನಕ್ಕೆ. ಟೈಮ್ ಹಿಡಿಯಲು ನಿಮಗೆ ಯಾರೂ ಇಲ್ಲದಿದ್ದರೆ ಇಲ್ಲೇ ಕೆಳಗೆ ಬರೆಯಿರಿ. ಐದೂವರೆ ಅಂದರೆ ಐದೂವರೆಗೆ ಬಂದಿರುತ್ತೇನೆ, ನಮ್ಮ ಮನೆಯಲ್ಲಿ ಹಸು ಇಲ್ಲ.