ಕೇಳಿ, ಹೇಳುತ್ತೇವೆ: ‘ಅರ್ಬನ್ ಚಾಂಪಿಯನ್’ ಎಷ್ಟು ದಿನ ಆಡಿಸೀತು?

ಹಳೆಯ ಗೇಮುಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಆಟವನ್ನು ಕುರಿತವು. ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್‌ಗಳ ಜೊತೆ ‘ಅರ್ಬನ್ ಚಾಂಪಿಯನ್’ ಬಂತು. ಹತ್ತೇ ನಿಮಿಷಕ್ಕೆ ಬೇಜಾರಾಯಿತು. ಆಟವೇ ಅಷ್ಟೆಯೋ, ನನಗೆ ಆಡಲು ಬರಲಿಲ್ಲವೋ? (ಶಿವಮೊಗ್ಗದ ಓದುಗರು)

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ನಿಂಟೆಂಡೋ ಇದನ್ನು ಜಪಾನಿನಲ್ಲಿ ತನ್ನ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ತಂದದ್ದು 1984ರ ನವೆಂಬರ್‌ನಲ್ಲಿ. ಅಮೆರಿಕಕ್ಕೆ ಹೋದದ್ದು 1986ರಲ್ಲಿ. ಇಡೀ ಆಟ ಕೂತಿರುವುದು 24 ಕಿಲೋಬೈಟ್‌ನಲ್ಲಿ. ಬೀದಿಯಲ್ಲಿ ಇಬ್ಬರು ಹೊಡೆದಾಡುತ್ತಾರೆ. ಎದುರಾಳಿಯನ್ನು ತೆರೆಯ ಅಂಚಿನವರೆಗೆ ತಳ್ಳಿದರೆ ಬೀದಿ ಮುಂದಕ್ಕೆ ಸರಿಯುತ್ತದೆ, ಕೊನೆಗೆ ಅವನನ್ನು ತೆರೆದ ಮ್ಯಾನ್‌ಹೋಲಿಗೆ ಕೆಡವಬೇಕು. ಕಿಟಕಿಯಿಂದ ಹೂಕುಂಡ ಬೀಳುತ್ತದೆ. ನಡುವೆ ಪೊಲೀಸ್ ಕಾರು ಬಂದರೆ ಇಬ್ಬರೂ ಏನೂ ಆಗಿಲ್ಲವೆಂಬಂತೆ ದೂರ ಸರಿದು ನಿಲ್ಲುತ್ತಾರೆ. ನೋಡಲು ಚೆಂದದ ದೃಶ್ಯ ಅದು.

ಒಂದು ಬಟನ್ ಹಗುರ ಗುದ್ದಿಗೆ, ಇನ್ನೊಂದು ಭಾರಿ ಗುದ್ದಿಗೆ. ಗುರಿ ಮುಖ ಅಥವಾ ಹೊಟ್ಟೆ. ಅಂದರೆ ಹೊಡೆತ ನಾಲ್ಕು, ತಡೆ ಎರಡು, ಜೊತೆಗೆ ಹಿಂದೆ ಮುಂದೆ ಸರಿದಾಟ. ಹೊಸಬರು ಎಡವುವುದು ಶಕ್ತಿಯ ಅಂಕದಲ್ಲಿ. ಏಟು ತಿಂದರೆ ಅದು ಇಳಿಯುತ್ತದೆ ಸರಿ, ಆದರೆ ನೀವು ಗುದ್ದಿದಾಗಲೂ ಇಳಿಯುತ್ತದೆ. ಪೂರ್ತಿ ಖಾಲಿಯಾದರೆ ಆಟಗಾರ ಸಾಯುವುದಿಲ್ಲ, ಕೈ ನಿಧಾನವಾಗುತ್ತದೆ. ಬಟನ್ ಬಡಿಯುತ್ತಲೇ ಇದ್ದವರಿಗೆ ಸ್ವಲ್ಪ ಹೊತ್ತಿನಲ್ಲೇ ‘ಕಂಟ್ರೋಲ್ ಸರಿಯಿಲ್ಲ’ ಅನಿಸುವುದು ಇದರಿಂದಲೇ. ನಿಮ್ಮ ಕಂಟ್ರೋಲರ್‌ನಲ್ಲಿ ಟರ್ಬೊ (ಒತ್ತಿ ಹಿಡಿದರೆ ತಾನೇ ಪದೇ ಪದೇ ಬಡಿಯುವ) ಬಟನ್‌ಗಳಿದ್ದರೆ ಈ ಆಟದಲ್ಲಿ ಅವನ್ನು ಮುಟ್ಟಲೇಬೇಡಿ. ಮೊದಲು ತಡೆಯಿರಿ, ಎದುರಾಳಿಯ ಕೈ ಹಿಂದಕ್ಕೆ ಹೋಗುವಾಗ ಹಗುರ ಗುದ್ದು ಹಾಕಿ. ಭಾರಿ ಗುದ್ದನ್ನು ಅವನ ತಡೆ ತಪ್ಪಾದ ಕಡೆ ಇದ್ದಾಗ ಮಾತ್ರ ಬಳಸಿ. ಅದು ತಗುಲಿದರೆ ಅವನು ದೂರ ಹಾರುತ್ತಾನೆ, ತಪ್ಪಿದರೆ ನೀವು ತೆರೆದು ನಿಂತಿರುತ್ತೀರಿ.

ಹೀಗೆ ಆಡಿದರೆ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ. ಅದಕ್ಕಿಂತ ಉದ್ದಕ್ಕೆ, ಒಬ್ಬರೇ ಆಡುವಾಗ, ಇದು ಎಳೆಯುವುದಿಲ್ಲ. ಎದುರಿಗೆ ಬರುವವನು ಯಾವಾಗಲೂ ಅದೇ ಮನುಷ್ಯ. ಬಟ್ಟೆಯ ಬಣ್ಣ ಬದಲಾಗುತ್ತದೆ, ಚುರುಕು ಹೆಚ್ಚುತ್ತದೆ, ಹೊಸ ವರಸೆ ಒಂದೂ ಬರುವುದಿಲ್ಲ. ಆಟಕ್ಕೆ ಮುಕ್ತಾಯವೂ ಇಲ್ಲ.

ಪ್ರಶ್ನೆ: ಗೇಮಿಗೆ ಆಯಸ್ಸು ಕಡಿಮೆ ಎಂದು ತೀರ್ಮಾನಿಸುವ ಮುಂಚೆ ಏನೇನು ಪರೀಕ್ಷಿಸಬೇಕು? ನನ್ನ ಹತ್ತಿರ ಹಳೆಯ ಎಂಟು ಬಿಟ್ ‘ಟಿವಿ ಗೇಮ್’ ಮತ್ತು ಹೊಸ ಎಲ್‌ಇಡಿ ಟಿವಿ ಇದೆ. (ಹುಬ್ಬಳ್ಳಿ)

ಉತ್ತರ: ಒಳ್ಳೆಯ ಪ್ರಶ್ನೆ. ಎಷ್ಟೋ ಹಳೆಯ ಆಟಗಳು ಕೆಟ್ಟ ಹೆಸರು ಹೊತ್ತಿರುವುದು ತಪ್ಪಾದ ಯಂತ್ರದಲ್ಲಿ ಆಡಿದ್ದರಿಂದ.

ಮೊದಲು ವೇಗ ನೋಡಿ. ಜಪಾನ್ ಮತ್ತು ಅಮೆರಿಕದ ಯಂತ್ರ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ನಮ್ಮ ಪ್ಯಾಲ್ (ನಮ್ಮಲ್ಲಿ ಬಳಕೆಯಲ್ಲಿದ್ದ ಪ್ರಸಾರ ಪದ್ಧತಿ) ಟಿವಿಗಳಿಗೆಂದು ಮಾಡಿದ, ‘ಟಿವಿ ಗೇಮ್’ನಂಥ ನಕಲು ಯಂತ್ರಗಳಲ್ಲಿ ಅದು 50. ಆಟ ತನ್ನ ಹೆಜ್ಜೆ ಎಣಿಸುವುದು ಆ ಚಿತ್ರಗಳ ಲೆಕ್ಕದಲ್ಲೇ ಆದ್ದರಿಂದ ಅಲ್ಲಿ 60 ಸೆಕೆಂಡಿನಲ್ಲಿ ಆಗುವುದು ಇಲ್ಲಿ 72 ಸೆಕೆಂಡ್ ಹಿಡಿಯುತ್ತದೆ. ಮೊದಲೇ ನಿಧಾನದ ಹೊಡೆದಾಟ, ಇನ್ನೂ ಸೊರಗುತ್ತದೆ. ಪರೀಕ್ಷೆ ಸುಲಭ: ತೆರೆಯ ಮೇಲಿನ ಟೈಮರ್ 20 ಅಂಕ ಇಳಿಯಲು ಎಷ್ಟು ಹೊತ್ತು ಬೇಕೆಂದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ, ಮೂಲ ಯಂತ್ರದಲ್ಲಿ ಆಡಿದ ವಿಡಿಯೊ ಹಾಕಿ ಅದನ್ನೂ ಅಳೆಯಿರಿ. ಒಂದೂಕಾಲು ಪಟ್ಟಿನ ಹತ್ತಿರ ವ್ಯತ್ಯಾಸ ಬಂದರೆ ನಿಮ್ಮದು 50ರ ಯಂತ್ರ. ಸದ್ದಿನ ವಿಷಯದಲ್ಲೂ ಹಾಗೆಯೇ. ಹಲವು ನಕಲು ಚಿಪ್‌ಗಳಲ್ಲಿ ಎರಡು ಬಗೆಯ ದನಿ ಅದಲುಬದಲಾಗಿರುತ್ತವೆ, ಸಂಗೀತ ಕೀರಲು ಎನಿಸಿದರೆ ಆ ತಪ್ಪನ್ನು ಆಟದ ಲೆಕ್ಕಕ್ಕೆ ಬರೆಯಬೇಡಿ.

ಆಮೇಲೆ ಟಿವಿ. ಈ ಆಟದ ಜೀವವೆಲ್ಲ ಎದುರಾಳಿಯ ತೋಳು ಎತ್ತುವುದನ್ನು ಕಂಡು ತಡೆ ಬದಲಿಸುವುದರಲ್ಲಿದೆ. 60ರ ಯಂತ್ರದಲ್ಲಿ ಒಂದು ಚಿತ್ರದ ಅವಧಿ ಸುಮಾರು 16.7 ಮಿಲಿಸೆಕೆಂಡ್. ನಿಮ್ಮ ಎಲ್‌ಇಡಿ ಟಿವಿ ಚಿತ್ರವನ್ನು ಹದಗೊಳಿಸಲು 100 ಮಿಲಿಸೆಕೆಂಡ್ ತೆಗೆದುಕೊಂಡರೆ ಅಲ್ಲಿ ನೀವು ನೋಡುತ್ತಿರುವುದು ಆರು ಚಿತ್ರ ಹಿಂದಿನ ಬೀದಿ. ಗುದ್ದು ಆಗಲೇ ಹೊಟ್ಟೆಗೆ ತಗುಲಿರುತ್ತದೆ! ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಹಾಕಿ, ಚಿತ್ರ ನುಣುಪು ಮಾಡುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಡಬ್ಬಿ ಮಧ್ಯೆ ಇದ್ದರೆ ತೆಗೆದು, ನೇರವಾಗಿ ಎವಿ ಸಾಕೆಟ್‌ಗೆ ಹಾಕಿ ನೋಡಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಸಿಕ್ಕರೆ ಅದೇ ಮೇಲು.

ಇಷ್ಟಾದ ಮೇಲೆ ಮೂರು ಸರದಿ ಆಡಿ: ಒಬ್ಬರೇ 20 ನಿಮಿಷ, ಮಾರನೆಯ ದಿನ ಮತ್ತೆ 20 ನಿಮಿಷ, ಬೇರೊಬ್ಬರ ಜೊತೆ ಅರ್ಧ ಗಂಟೆ. ಎರಡನೆಯ ದಿನ ನೀವು ಹೊಸದಾಗಿ ಏನಾದರೂ ನಿರ್ಧರಿಸಿದಿರಾ ಎಂದು ಕೇಳಿಕೊಳ್ಳಿ. ಹಂತಗಳ ಸಂಖ್ಯೆಗಿಂತ ಈ ಪ್ರಶ್ನೆಯೇ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಇಬ್ಬರು ಆಡಿದರೆ ನಿಜಕ್ಕೂ ಬೇರೆಯೇ? ಅದೇ ಕಾಲದ ‘ಯೀ ಆರ್ ಕುಂಗ್ ಫು’ ಉತ್ತಮವಲ್ಲವೇ? (ಪುಣೆಯಿಂದ)

ಉತ್ತರ: ಒಬ್ಬರೇ ಆಡುವವರಿಗೆ ಖಂಡಿತ ಕೊನಾಮಿಯ ‘ಯೀ ಆರ್ ಕುಂಗ್ ಫು’. 1985ರ ಅದರ ಫ್ಯಾಮಿಕಾಮ್ ಆವೃತ್ತಿಯಲ್ಲಿ ಐವರು ಎದುರಾಳಿಗಳು, ಒಬ್ಬೊಬ್ಬರದ್ದೂ ಒಂದೊಂದು ವರಸೆ. ಪ್ರತಿಯೊಬ್ಬರಿಗೂ ಉಪಾಯ ಬದಲಿಸಲೇಬೇಕು. ಐವರೇ ಆದರೂ ಅದು ಹೆಚ್ಚು ದಿನ ಬಾಳುವುದು ಇದಕ್ಕೇ.

ಆದರೆ ‘ಅರ್ಬನ್ ಚಾಂಪಿಯನ್’ ಇಬ್ಬರಿಗೆಂದೇ ಮಾಡಿದಂತಿದೆ. ಕಂಪ್ಯೂಟರ್ ಮಾಡದ ಕೆಲಸ ಮನುಷ್ಯ ಮಾಡುತ್ತಾನೆ: ಮೂರು ಸಲ ಮುಖಕ್ಕೆ ಗುದ್ದಿ, ನೀವು ತಡೆ ಮೇಲಿಟ್ಟು ಕೂತಾಗ ಹೊಟ್ಟೆಗೆ ಹಾಕುತ್ತಾನೆ. ಇಷ್ಟು ಸಣ್ಣ ಆಟದಲ್ಲಿ ಈ ಮನಸ್ಸು ಓದುವ ಆಟ ಸಿಗುವುದು ದೊಡ್ಡದು, ವಿಮರ್ಶೆಗಳು ಇದನ್ನು ಮರೆಯುವುದು ಬೇಸರದ ಸಂಗತಿ. ಇಬ್ಬರೂ ಸಮಸಮ ಇದ್ದರೆ ಒಂದು ಸಂಜೆ ಚೆನ್ನಾಗಿ ಕಳೆಯುತ್ತದೆ. ಒಬ್ಬರು ಪಳಗಿದ್ದರೆ ಎರಡನೇ ಮ್ಯಾನ್‌ಹೋಲಿಗೇ ಸೋತವರು ಎದ್ದು ಹೋಗುತ್ತಾರೆ.

ಪ್ರಶ್ನೆ: ಕಾರ್ಟ್ರಿಡ್ಜ್ ಹಾಕಿದರೆ ಒಮ್ಮೆ ಬರೀ ಬಣ್ಣದ ತೆರೆ, ಒಮ್ಮೆ ಆಟ ನಡೆಯುತ್ತದೆ ಆದರೆ ಚಿತ್ರ ಚೂರುಚೂರು. ಊದಿದರೆ ಸರಿಹೋಗುತ್ತದೆ. ಚಿಪ್ ಹೋಗಿದೆಯೇ? ಎಷ್ಟು ಕೊಟ್ಟು ಕೊಳ್ಳಬಹುದು? (ಮಂಗಳೂರು)

ಉತ್ತರ: ಚಿಪ್ ಬಹುಶಃ ಚೆನ್ನಾಗಿದೆ, ಕೊಳೆ ಇರುವುದು ಪಿನ್‌ಗಳಲ್ಲಿ. ಕಾರ್ಟ್ರಿಡ್ಜ್‌ನಲ್ಲಿ ಆಟದ ಪ್ರೋಗ್ರಾಂಗೆ ಒಂದು ಗುಂಪು ಪಿನ್, ಚಿತ್ರಗಳಿಗೆ ಇನ್ನೊಂದು. ಮೊದಲನೆಯದು ತಾಗದಿದ್ದರೆ ಬರೀ ಬಣ್ಣದ ತೆರೆ. ಎರಡನೆಯದು ತಾಗದಿದ್ದರೆ ಸದ್ದು, ಓಟ ಎಲ್ಲ ಸರಿಯಿದ್ದು ಚಿತ್ರ ಮಾತ್ರ ಕಲಸಿಹೋಗುತ್ತದೆ. ಊದುವುದನ್ನು ಇಂದೇ ಬಿಡಿ. ಸರಿಹೋದಂತೆ ಕಾಣುವುದು ಬಹುಮಟ್ಟಿಗೆ ತೆಗೆದು ಮತ್ತೆ ಹಾಕಿದ್ದರಿಂದ. ಬಾಯಿಯ ತೇವ ಪಿನ್‌ಗಳನ್ನು ಇನ್ನಷ್ಟು ಕಪ್ಪಾಗಿಸುತ್ತದೆ.

ಯಂತ್ರ ಆಫ್ ಮಾಡಿ. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಮೂರು ಹನಿ ಹಾಕಿ, ಪಿನ್‌ಗಳ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಅಲ್ಲ. ಕಡ್ಡಿ ಕಪ್ಪಾದಂತೆಲ್ಲ ಹೊಸದು ತೆಗೆದುಕೊಳ್ಳಿ, ಎರಡೂ ಬದಿ ಮಾಡಿ, ಹತ್ತು ನಿಮಿಷ ಒಣಗಲು ಬಿಡಿ. ಉಪ್ಪುಕಾಗದ ಉಜ್ಜಬೇಡಿ, ತೆಳು ಲೇಪನ ಎದ್ದುಬರುತ್ತದೆ. ಕರಾವಳಿಯ ಹವೆಗೆ ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಒಳ್ಳೆಯದು.

ಬೆಲೆಯ ಮಾತು: ಈ ಆಟಕ್ಕೆಂದೇ ಪ್ರತ್ಯೇಕ ಕಾರ್ಟ್ರಿಡ್ಜ್‌ಗೆ ದೊಡ್ಡ ಹಣ ಹಾಕಬೇಡಿ. ಹಲವು ಆಟಗಳ ಕಾರ್ಟ್ರಿಡ್ಜ್‌ನಲ್ಲಿ ಸಿಕ್ಕರೆ ಸಾಕು, ಮೆನುವಿನ ಸಾವಿರ ಹೆಸರುಗಳಲ್ಲಿ ಬಹುಪಾಲು ಮರುಕಳಿಕೆಯೆಂದು ಮಾತ್ರ ನೆನಪಿಡಿ. ಅಮೆರಿಕದ ಮೂಲ ಕಾರ್ಟ್ರಿಡ್ಜ್ ಕೊಳ್ಳುವುದಾದರೆ ಅದಕ್ಕೆ 72 ಪಿನ್, ಫ್ಯಾಮಿಕಾಮ್ ಮಾದರಿಯ ಯಂತ್ರಗಳಿಗೆ 60. ನಡುವೆ ಕನ್ವರ್ಟರ್ ಬೇಕು. 2011ರಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರ ನಿಂಟೆಂಡೋ 3ಡಿಎಸ್‌ಗೆ ಇದೇ ಆಟದ, ಚಿತ್ರದಲ್ಲಿ ಆಳ ಕಾಣುವ (3ಡಿ) ಆವೃತ್ತಿಯೊಂದು ಬಂದಿತ್ತು. ಅದರ ಆನ್‌ಲೈನ್ ಅಂಗಡಿ ಇ-ಶಾಪ್‌ನಲ್ಲಿ 2023ರ ಮಾರ್ಚ್‌ನಿಂದ ಖರೀದಿ ನಿಂತಿದೆ, ಆದ್ದರಿಂದ ಆ ದಾರಿ ಈಗಿಲ್ಲ.